ತಾರ್ಲೆ ಅಗ್ಗ, ಇಸೋಣ ದುಬಾರಿ: ಕಡಲಿನ ಬಿಸಿಲ ಲೆಕ್ಕ

ಮಳೆಗಾಲ ಮುಗಿದು ಬೋಟುಗಳು ಸರಿಯಾಗಿ ಕಡಲಿಗೆ ಇಳಿದ ಮೇಲೆ ಕಾರವಾರದ ಮೀನು ಪೇಟೆಗೆ ಹೋಗಿ ನೋಡಿ. ತಾರ್ಲೆ ಬುಟ್ಟಿಗಟ್ಟಲೆ ಬಿದ್ದಿರುತ್ತದೆ. ಮಂಗಳೂರು ಕಡೆಯವರು ಬೂತಾಯಿ ಅನ್ನುವುದು ಇದನ್ನೇ. ತೂಕ ಮಾಡುವ ಗೋಜಿಗೂ ಹೋಗದೆ ಪಾಲು ಹಾಕಿ ಮಾರುತ್ತಾರೆ. ಪಕ್ಕದಲ್ಲಿ ಬಂಗಡೆ, ಅದು ಎಣಿಕೆ ಲೆಕ್ಕ. ಇನ್ನೊಂದು ಮೂಲೆಯಲ್ಲಿ ಉದ್ದಕ್ಕೆ ಮಲಗಿರುವ ಇಸೋಣ (ಮಂಗಳೂರಿನವರ ಅಂಜಲ್), ಎರಡೋ ಮೂರೋ. ಅದರ ದರ ಕೇಳುವುದು ಮನೆಗೆ ನೆಂಟರು ಬಂದಾಗ ಮಾತ್ರ.

ಇದೆಲ್ಲ ರುಚಿಯ ವಿಷಯ ಎಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ. ರುಚಿಯ ಪಾಲೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಾಲಿಗೆಗೂ ಮೊದಲು ಇನ್ನೊಂದು ಲೆಕ್ಕ ನಡೆದಿರುತ್ತದೆ. ಕಡಲಿನಲ್ಲಿ ತಾರ್ಲೆ ಇರುವಷ್ಟು ಇಸೋಣ ಇರಲು ಸಾಧ್ಯವೇ ಇಲ್ಲ. ಅಷ್ಟು ಇಸೋಣ ಸಾಕಲು ಕಡಲಿನ ಮೇಲೆ ಬೀಳುವ ಬಿಸಿಲು ಸಾಲುವುದಿಲ್ಲ.

ಬಿಸಿಲಿಗೂ ಮೀನಿಗೂ ಏನು ಸಂಬಂಧ? ಶಾಲೆಯಲ್ಲಿ ಆಹಾರ ಸರಪಳಿಯ ಚಿತ್ರ ಬರೆದದ್ದು ನೆನಪಿದೆಯಲ್ವಾ? ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ನಡುವೆ ಬಾಣ. ಆ ಬಾಣವನ್ನು ಅರ್ಧ ಕ್ಲಾಸು ತಿರುಗಿಸಿ ಹಾಕಿ ಮಾರ್ಕು ಕಳೆದುಕೊಳ್ಳುತ್ತಿತ್ತು. ಕಪ್ಪೆ ಮಿಡತೆಯನ್ನು ತಿನ್ನುತ್ತದೆ, ಹಾಗಾಗಿ ಬಾಣ ಕಪ್ಪೆಯಿಂದ ಮಿಡತೆಯ ಕಡೆಗೆ ಹೋಗಬೇಕು ಎಂದು ಮಕ್ಕಳಿಗೆ ಅನಿಸುವುದು ಸಹಜ. ಆದರೆ ಆ ಬಾಣ ಹೇಳುವುದು ಶಕ್ತಿ ಯಾವ ಕಡೆಗೆ ಹೋಯಿತು ಎಂಬುದನ್ನು. ಮಿಡತೆಯ ಮೈಯಲ್ಲಿದ್ದದ್ದು ಕಪ್ಪೆಗೆ ಹೋಯಿತು, ಅಷ್ಟೇ. ಆ ಚಿತ್ರದ ಬಗ್ಗೆ ನನ್ನ ತಕರಾರು ಬೇರೆ. ಅಲ್ಲಿ ಎಲ್ಲ ಬಾಣವೂ ಒಂದೇ ದಪ್ಪ. ನಿಜವಾದ ಲೆಕ್ಕದಲ್ಲಿ ಮೊದಲ ಬಾಣ ಹೆದ್ದಾರಿಯಷ್ಟು ಅಗಲ ಇದ್ದರೆ ಕೊನೆಯದು ಗದ್ದೆಯ ಬದುವಿನಷ್ಟು ಸಣ್ಣ.

ಮೊದಲಿನಿಂದ ನೋಡೋಣ. ಕಡಲಿನ ನೀರನ್ನು ಬೊಗಸೆಯಲ್ಲಿ ಹಿಡಿದರೆ ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ಜೀವಿಗಳಿರುತ್ತವೆ. ನೀರು ಕೊಂಡೊಯ್ದ ಕಡೆಗೆ ತೇಲಿಕೊಂಡು ಹೋಗುವ ಇವುಗಳ ಹೆಸರು ಪ್ಲಾಂಕ್ಟನ್. ಅದರಲ್ಲಿ ಒಂದು ಗುಂಪು ಗಿಡದ ಹಾಗೆ ಬಿಸಿಲಿನಿಂದ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ. ಇದು ಸಸ್ಯ ಪ್ಲಾಂಕ್ಟನ್. ಗಾಜಿನಂಥ ಚಿಪ್ಪಿರುವ ಡಯಾಟಮ್‌ಗಳು ಇದೇ ಗುಂಪಿನವು. ಇನ್ನೊಂದು ಗುಂಪು ಇವನ್ನು ತಿನ್ನುವ ಸಣ್ಣ ಹುಳುವಿನಂಥ ಪ್ರಾಣಿ ಪ್ಲಾಂಕ್ಟನ್. ತಾರ್ಲೆ ಬಾಯಿ ತೆರೆದು ಈಜುತ್ತಾ ಎರಡನ್ನೂ ಸೋಸಿ ತಿನ್ನುತ್ತದೆ. ಅದರ ಕಿವಿರಿನಲ್ಲಿ ಜರಡಿಯಂಥ ಎಳೆಗಳಿವೆ. ತಾರ್ಲೆ ಕೊಯ್ಯುವಾಗ ಒಮ್ಮೆ ಗಮನಿಸಿ ನೋಡಿ, ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತವೆ. ಆ ತಾರ್ಲೆಯನ್ನು ಇಸೋಣ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ಇಸೋಣವನ್ನು ನಾವು ರವೆ ಹಚ್ಚಿ ಹುರಿಯುತ್ತೇವೆ.

ಬಿಸಿಲು, ಪ್ಲಾಂಕ್ಟನ್, ತಾರ್ಲೆ, ಇಸೋಣ, ನಾವು. ಪ್ರತಿ ಮೆಟ್ಟಿಲಿನಲ್ಲೂ ಶಕ್ತಿ ಸೋರಿ ಹೋಗುತ್ತದೆ. ಸಸ್ಯಗಳು ತಮ್ಮ ಮೇಲೆ ಬಿದ್ದ ಬಿಸಿಲಿನಲ್ಲಿ ಹಿಡಿದಿಡುವುದು ಸಾಮಾನ್ಯವಾಗಿ ಶೇಕಡಾ 1ರ ಆಸುಪಾಸು. ಅಲ್ಲಿಂದ ಮುಂದೆ ಪ್ರತಿ ಮೆಟ್ಟಿಲಿಗೆ ದಾಟುವುದು ಅಂದಾಜು ಹತ್ತರಲ್ಲಿ ಒಂದು ಪಾಲು. ಒಂದು ಕಿಲೋ ಇಸೋಣ ಬೆಳೆಯಲು ಹತ್ತು ಕಿಲೋದಷ್ಟು ತಾರ್ಲೆಯಂಥ ಮೀನು ಬೇಕು. ಆ ಹತ್ತು ಕಿಲೋ ತಾರ್ಲೆಗೆ ನೂರು ಕಿಲೋ ಪ್ಲಾಂಕ್ಟನ್ ಬೇಕು. ಇದು ಒರಟು ಲೆಕ್ಕ, ತಕ್ಕಡಿ ಹಿಡಿದು ಜಗಳಕ್ಕೆ ಬರಬೇಡಿ. ಆದರೆ ಒಟ್ಟು ಅಂದಾಜು ಹೀಗೇ.

ಉಳಿದ ಒಂಬತ್ತು ಪಾಲು ಎಲ್ಲಿ ಹೋಯಿತು? ಇದಕ್ಕೆ ಕಡಲಿಗೆ ಹೋಗಬೇಕಿಲ್ಲ. ನಿಮ್ಮನ್ನೇ ನೋಡಿಕೊಳ್ಳಿ. ನೀವು ದಿನಕ್ಕೆ ಸುಮಾರು 2,000 ಕಿಲೋಕ್ಯಾಲರಿ ತಿನ್ನುತ್ತೀರಿ. ವರ್ಷಕ್ಕೆ ಲೆಕ್ಕ ಹಾಕಿದರೆ ಅನ್ನ, ಸಾರು, ಮೀನು, ಚಹಾ, ಸಂಜೆಯ ಬಜೆ ಎಲ್ಲ ಸೇರಿ ಮೂಟೆಗಟ್ಟಲೆ ಆಗುತ್ತದೆ. ವರ್ಷದ ಕೊನೆಗೆ ತೂಕ ಎಷ್ಟು ಏರಿತು? ಒಂದು ಕಿಲೋ ಏರಿದರೂ ಡಾಕ್ಟರು ಬೈಯುತ್ತಾರೆ. ಮಿಕ್ಕದ್ದು ಎದೆ ಬಡಿಯಲು, ಉಸಿರಾಡಲು, ನಡೆಯಲು, ಯೋಚಿಸಲು, ಮೈ ಬೆಚ್ಚಗಿಡಲು ಖರ್ಚಾಯಿತು. ಕೊನೆಗೆ ಎಲ್ಲ ಬಿಸಿಯಾಗಿ ಗಾಳಿಗೆ ಹೋಯಿತು. ಒಬ್ಬ ಮನುಷ್ಯ ಹೊರಗೆ ಬಿಡುವ ಬಿಸಿ ಹಳೇ ಕಾಲದ 100 ವ್ಯಾಟ್ ಬಲ್ಬಿನಷ್ಟು. ಸಣ್ಣ ಹಾಲ್‌ನಲ್ಲಿ ಮದುವೆ ಇಟ್ಟುಕೊಂಡರೆ ಬೆವರು ಸುರಿಯುವುದು ಯಾಕೆ ಎಂದು ಈಗ ಗೊತ್ತಾಯಿತಲ್ಲ.

ಈಗ ಒಂದು ಹುಲಿ ನಿಮ್ಮನ್ನು ತಿಂದಿತು ಎಂದುಕೊಳ್ಳಿ. (ಸುಮ್ನೆ ಮಾತಿಗೆ.) ಅದಕ್ಕೆ ಸಿಗುವುದು ನಿಮ್ಮ ಮೈಯಲ್ಲಿ ಉಳಿದದ್ದು ಮಾತ್ರ. ಇಷ್ಟು ವರ್ಷ ನೀವು ತಿಂದು ಕರಗಿಸಿದ ಮೂಟೆಗಳ ಅಕ್ಕಿ ಅದಕ್ಕೆ ಸಿಗುವುದಿಲ್ಲ. ತಾರ್ಲೆಯ ಕಥೆಯೂ ಇದೇ. ಜೊತೆಗೆ ತಿಂದದ್ದೆಲ್ಲ ಜೀರ್ಣ ಆಗುವುದಿಲ್ಲ, ಒಂದಿಷ್ಟು ಹೊರಗೆ ಹೋಗುತ್ತದೆ. ಎಷ್ಟೋ ತಾರ್ಲೆಗಳು ಯಾರ ಬಾಯಿಗೂ ಸಿಗದೆ ಸಾಯುತ್ತವೆ. ಎಲ್ಲ ಕಳೆದು ಉಳಿದದ್ದೇ ಆ ಹತ್ತರಲ್ಲಿ ಒಂದು.

ಮೈ ಬೆಚ್ಚಗಿಡುವ ಪ್ರಾಣಿಗಳಿಗೆ ಈ ಖರ್ಚು ಇನ್ನೂ ಜಾಸ್ತಿ. ಹಕ್ಕಿ, ಹುಲಿ, ಮನುಷ್ಯ ತಿಂದದ್ದರಲ್ಲಿ ಮೈಯಾಗಿ ಉಳಿಯುವುದು ನೂರಕ್ಕೆ ಒಂದೆರಡು ಪಾಲು. ಮೀನಿನ ಮೈ ನೀರಿನಷ್ಟೇ ತಂಪು. ಅದರ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಹಾಗಾಗಿ ಸೌದೆ ಉಳಿಯುತ್ತದೆ.

ಈ ಲೆಕ್ಕವನ್ನು ಮೊದಲು ನೀಟಾಗಿ ಬರೆದವರು ಅಮೆರಿಕದ ರೇಮಂಡ್ ಲಿಂಡೆಮನ್. ಮಿನೆಸೋಟಾದ ಸೀಡರ್ ಬಾಗ್ ಎಂಬ ಪುಟ್ಟ ಕೆರೆಯ ಹುಳ, ಪಾಚಿ, ಮೀನುಗಳನ್ನು ವರ್ಷಗಟ್ಟಲೆ ಅಳೆದರು. ಯಾರು ಯಾರನ್ನು ತಿನ್ನುತ್ತಾರೆ ಎಂಬ ಪಟ್ಟಿ ಬಿಟ್ಟು, ಎಷ್ಟು ಕ್ಯಾಲರಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಕೇಳಿದರು. ವಿಜ್ಞಾನ ಪತ್ರಿಕೆಯವರು ಆ ಲೇಖನವನ್ನು ಮೊದಲು ಬೇಡ ಅಂದರು. ಅಳೆದದ್ದಕ್ಕಿಂತ ಊಹೆ ಜಾಸ್ತಿ ಎಂಬುದು ಅವರ ಆಕ್ಷೇಪ. ಕೊನೆಗೆ 1942ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಲಿಂಡೆಮನ್ ತೀರಿಕೊಂಡಿದ್ದರು. ವಯಸ್ಸು 30 ಕೂಡ ದಾಟಿರಲಿಲ್ಲ.

ಮುಂದೆ 1957ರಲ್ಲಿ ಹೊವರ್ಡ್ ಓಡಮ್ ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್ ಎಂಬ ತಿಳಿನೀರಿನ ಊಟೆಯ ಲೆಕ್ಕ ಪ್ರಕಟಿಸಿದರು. ಒಂದು ಚದರ ಮೀಟರಿಗೆ, ಒಂದು ವರ್ಷಕ್ಕೆ, ಕಿಲೋಕ್ಯಾಲರಿಯಲ್ಲಿ. ಬಿದ್ದ ಬಿಸಿಲು 17 ಲಕ್ಷ. ಗಿಡಗಳು ಊಟವಾಗಿ ಮಾಡಿಕೊಂಡದ್ದು 20,810. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗಿಡಗಳೇ ಉಸಿರಾಡಿ ಕಳೆದವು. ಗಿಡ ತಿನ್ನುವವಕ್ಕೆ ಸಿಕ್ಕಿದ್ದು 3,368. ಅವನ್ನು ತಿನ್ನುವವಕ್ಕೆ 383. ಎಲ್ಲಕ್ಕಿಂತ ಮೇಲಿನ ಮೀನುಗಳಿಗೆ 21. ಹದಿನೇಳು ಲಕ್ಷದಿಂದ ಇಪ್ಪತ್ತೊಂದಕ್ಕೆ! ಭಾಗಿಸಿ ನೋಡಿದರೆ ಒಂದು ಕಡೆ ಶೇಕಡಾ 16, ಇನ್ನೊಂದು ಕಡೆ 11, ಕೊನೆಗೆ 5 ಚಿಲ್ಲರೆ ಬರುತ್ತದೆ. ಪಠ್ಯಪುಸ್ತಕದ ಶೇಕಡಾ 10ರ ನಿಯಮ ಹೀಗೆ ಬಾಯಲ್ಲಿ ಹೇಳಲು ಸುಲಭವಾದ ಒಂದು ದುಂಡು ಸಂಖ್ಯೆ.

ಸರಪಳಿಗಳು ನಾಲ್ಕೈದು ಕೊಂಡಿಗೆ ನಿಂತುಹೋಗುವುದೂ ಇದಕ್ಕೇ. ಆರನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ತಟ್ಟೆಯಲ್ಲಿ ಏನೂ ಉಳಿದಿರುವುದಿಲ್ಲ. ನಮ್ಮ ಜೋಯಿಡಾ, ದಾಂಡೇಲಿ ಕಡೆಯ ಕಾಳಿ ಹುಲಿ ಅಭಯಾರಣ್ಯ ನೆನೆಸಿಕೊಳ್ಳಿ. ಒಂದು ಹುಲಿ ವರ್ಷಕ್ಕೆ ಜಿಂಕೆ, ಹಂದಿಯಂಥ ಸುಮಾರು 50 ಪ್ರಾಣಿ ಹೊಡೆಯುತ್ತದೆ. ಆದರೆ ಕಾಡಿನಲ್ಲಿ 50 ಇದ್ದರೆ ಸಾಲದು, ಮುಂದಿನ ವರ್ಷಕ್ಕೂ ಮರಿ ಹಾಕಲು ಉಳಿಯಬೇಕಲ್ಲ. ಹಾಗಾಗಿ ಒಂದು ಹುಲಿಯ ಹಿಂದೆ ಸುಮಾರು 500 ಪ್ರಾಣಿಗಳು ಬೇಕು ಎಂಬುದು ಹುಲಿ ತಜ್ಞ ಉಲ್ಲಾಸ ಕಾರಂತರ ಲೆಕ್ಕ. ಆ 500ಕ್ಕೆ ಮೇಯಲು ಎಷ್ಟು ಕಾಡು ಬೇಕು, ನೀವೇ ಯೋಚಿಸಿ. ಇನ್ನು ಹುಲಿಯನ್ನೇ ಬೇಟೆಯಾಡಿ ಬದುಕುವ ಪ್ರಾಣಿ ಇದ್ದಿದ್ದರೆ ಅದಕ್ಕೆ ಇಡೀ ಸಹ್ಯಾದ್ರಿಯೂ ಸಾಲುತ್ತಿರಲಿಲ್ಲ.

ಕಾಡಿನಲ್ಲಿ ಈ ಲೆಕ್ಕ ಕಣ್ಣಿಗೂ ಕಾಣುತ್ತದೆ. ಮರ ಜಾಸ್ತಿ, ಜಿಂಕೆ ಕಡಿಮೆ, ಹುಲಿ ಒಂದೋ ಎರಡೋ. ಕಡಲು ಮಾತ್ರ ನಮ್ಮನ್ನು ಮೋಸ ಮಾಡುತ್ತದೆ. ಟಾಗೋರ್ ಬೀಚಿನಲ್ಲಿ ನಿಂತು ನೋಡಿದರೆ ಹುಲ್ಲುಗಾವಲು ಎಲ್ಲೂ ಕಾಣುವುದಿಲ್ಲ, ಬರೀ ನೀರು. ತೂಗಿ ನೋಡಿದರೆ ಇನ್ನೂ ವಿಚಿತ್ರ. ಎಷ್ಟೋ ಕಡೆ ಸಸ್ಯ ಪ್ಲಾಂಕ್ಟನ್‌ಗಿಂತ ಅದನ್ನು ತಿನ್ನುವ ಪ್ರಾಣಿ ಪ್ಲಾಂಕ್ಟನ್‌ನ ತೂಕವೇ ಜಾಸ್ತಿ ಬರುತ್ತದೆ. ಹುಲ್ಲಿಗಿಂತ ದನದ ತೂಕ ಜಾಸ್ತಿ ಅಂದ ಹಾಗೆ. ಇದು ಹೇಗೆ ಸಾಧ್ಯ?

ಬಸ್ ಸ್ಟ್ಯಾಂಡಿನ ಚಹಾ ಅಂಗಡಿ ನೋಡಿ. ಕೆಟಲಿನಲ್ಲಿ ಯಾವಾಗ ಇಣುಕಿದರೂ ಹತ್ತು ಹದಿನೈದು ಕಪ್ ಚಹಾ ಇರಬಹುದು. ಆದರೆ ದಿನಕ್ಕೆ ಮುನ್ನೂರು ಕಪ್ ಹೋಗುತ್ತದೆ. ಕೆಟಲು ಸಣ್ಣದು, ತುಂಬುವುದು ಬೇಗ. ಸಸ್ಯ ಪ್ಲಾಂಕ್ಟನ್ ಅಂಥ ಕೆಟಲು. ಅನುಕೂಲ ಇದ್ದರೆ ದಿನ ಒಂದೆರಡರಲ್ಲಿ ಇಮ್ಮಡಿಯಾಗುತ್ತದೆ. ಹುಟ್ಟುತ್ತಾ ಹುಟ್ಟುತ್ತಾ ತಿನ್ನಿಸಿಕೊಳ್ಳುತ್ತಾ ಇರುತ್ತದೆ. ತೂಕದ ಗೋಪುರ ತಲೆಕೆಳಗಾಗಬಹುದು, ಶಕ್ತಿಯ ಗೋಪುರ ಮಾತ್ರ ಯಾವತ್ತೂ ತಲೆಕೆಳಗಾಗುವುದಿಲ್ಲ. ಇಡೀ ಭೂಮಿಯಲ್ಲಿ ಸಸ್ಯಗಳು ಬಿಸಿಲಿನಿಂದ ಮಾಡುವ ಆಹಾರದಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಕಡಲಿನ ಈ ಪುಡಿ ಜೀವಿಗಳದ್ದು. ಅಷ್ಟೂ ಮರಗಳು, ಬೆಳೆಗಳು, ಹುಲ್ಲು ಸೇರಿ ಉಳಿದರ್ಧ.

ಹಾಗಿದ್ದರೆ ಕಡಲಿನ ಎಲ್ಲ ಕಡೆಯೂ ಮೀನು ತುಂಬಿರಬೇಕಲ್ಲ? ಇಲ್ಲ. ಇಲ್ಲಿ ಮೆಟ್ಟಿಲ ಲೆಕ್ಕ ಬರುತ್ತದೆ. 1969ರಲ್ಲಿ ಜಾನ್ ರೈಥರ್ ಎಂಬ ವಿಜ್ಞಾನಿ ಒಂದು ಅಂದಾಜು ಕೊಟ್ಟರು. ನಡುಗಡಲಿನಲ್ಲಿ ಪ್ಲಾಂಕ್ಟನ್ ಬಹಳ ಸಣ್ಣದು. ಅದನ್ನು ಇನ್ನೊಂದು ಸಣ್ಣದು ತಿಂದು, ಅದನ್ನು ಸ್ವಲ್ಪ ದೊಡ್ಡದು ತಿಂದು, ಮನುಷ್ಯ ಹಿಡಿಯುವ ಮೀನಿಗೆ ಬರಲು 5 ಮೆಟ್ಟಿಲು ಬೇಕು. ತೀರದ ಕಡಲಿನಲ್ಲಿ 3 ಸಾಕು. ತಳದ ನೀರು ಮೇಲೇಳುವ ಜಾಗಗಳಲ್ಲಿ ಸರಾಸರಿ ಒಂದೂವರೆ. ಒಂದು ಮೆಟ್ಟಿಲು ಕಡಿಮೆಯಾದರೆ ಮೀನು ಹತ್ತರಷ್ಟು ಜಾಸ್ತಿ ಎಂದು ಇಟ್ಟುಕೊಂಡರೂ ವ್ಯತ್ಯಾಸ ಎಷ್ಟಾಯಿತು ನೋಡಿ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಮುಂಗಾರು ಮಾಡುವ ಕೆಲಸವೂ ಇದೇ. ಮಳೆಗಾಲದಲ್ಲಿ ಮೇಲಿನ ನೀರು ತೀರದಿಂದ ಸರಿಯುತ್ತದೆ, ಆ ಜಾಗಕ್ಕೆ ತಳದ ತಂಪು ನೀರು ಏರುತ್ತದೆ. ಕೇರಳದ ಕಡೆ ಇದು ಜೋರು, ನಮ್ಮ ಕಡೆ ಬರುವಾಗ ಸ್ವಲ್ಪ ಮೆತ್ತಗೆ. ತಳದ ನೀರಿನಲ್ಲಿ ಗೊಬ್ಬರ ಇದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಘಟ್ಟದಿಂದ ತರುವ ಸಾರವೂ ಸೇರುತ್ತದೆ. ಡಯಾಟಮ್‌ಗಳು ಉಕ್ಕುತ್ತವೆ. ತಾರ್ಲೆ ಬಂದು ಸೋಸಿ ತಿನ್ನುತ್ತದೆ, ಮಧ್ಯವರ್ತಿ ಇಲ್ಲ. ಮಳೆ ಮುಗಿದ ಮೇಲಿನ ತಾರ್ಲೆಯಲ್ಲಿ ಎಣ್ಣೆ ತುಂಬಿರುವುದು ಇದಕ್ಕೇ. ಬರೀ ಕಾವಲಿಯ ಮೇಲೆ ಇಟ್ಟರೂ ತನ್ನ ಎಣ್ಣೆಯಲ್ಲೇ ಬೇಯುತ್ತದೆ. ಹಿಂದೆ ಮರದ ದೋಣಿಗೆ ಬಳಿಯುತ್ತಿದ್ದ ಮೀನೆಣ್ಣೆ ಇದರದ್ದೇ. ತಿಂದು ಖರ್ಚಾಗದೆ ಉಳಿದ ಬಿಸಿಲು ಅದು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋಕ್ಯಾಲರಿ, ಅಕ್ಕಿಯ ಗಂಜಿಪುಡಿಯಲ್ಲಿ 4 ಮಾತ್ರ. ಹೊಟ್ಟೆ ಹೊತ್ತು ಈಜಬೇಕಾದ ಜೀವಿಗೆ ಕೊಬ್ಬೇ ಒಳ್ಳೆಯ ಬ್ಯಾಂಕು.

ಸರಪಳಿ ಗಿಡ್ಡ ಇದ್ದರೆ ಒಂದು ತೊಂದರೆಯೂ ಇದೆ. ಕೆಳಗೆ ಏನಾದರೂ ಏರುಪೇರಾದರೆ ಏಟು ನೇರವಾಗಿ ಬೀಳುತ್ತದೆ. ಕೆಲವು ವರ್ಷ ತಾರ್ಲೆ ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು, ಕೆಲವು ವರ್ಷ ಕಣ್ಣಿಗೆ ಬೀಳುವುದೇ ಅಪರೂಪ.

ಇಷ್ಟು ಓದಿದ ಮೇಲೆ ಯಾರಾದರೂ "ಹಾಗಾದರೆ ಸಿಗಡಿ ಯಾಕೆ ದುಬಾರಿ? ಅದೂ ಕೆಳಗಿನ ಮೆಟ್ಟಿಲಿನದೇ ಅಲ್ವಾ?" ಎಂದು ಕೇಳೇ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಸಿಗಡಿ ಹೊರದೇಶಕ್ಕೆ ಹೋಗುತ್ತದೆ. ಬಿಸಿಲಿನ ಲೆಕ್ಕ ಯಾವ ಮೀನು ಎಷ್ಟು ಇರಬಹುದು ಎಂದು ಹೇಳುತ್ತದೆ, ಯಾರ ಜೇಬಿನಲ್ಲಿ ಎಷ್ಟು ದುಡ್ಡಿದೆ ಎಂದು ಹೇಳುವುದಿಲ್ಲ.

ಸಿಗಡಿಯ ಹೆಸರು ಬಂದದ್ದು ಒಳ್ಳೆಯದಾಯಿತು. ಅದರ ಊಟ ಬರುವ ದಾರಿ ಬೇರೆ. ಕಾಳಿ ನದಿ ಕಡಲು ಸೇರುವಲ್ಲಿ, ಅಘನಾಶಿನಿಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇದೆ. ಕಾಂಡ್ಲಾ ಎಲೆ ಉಪ್ಪು, ಒಗರು. ಹಸಿಯಾಗಿ ತಿನ್ನುವವರು ಕಡಿಮೆ. ಎಲೆ ಉದುರಿ ಕೆಸರಿಗೆ ಬೀಳುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆಯುತ್ತವೆ. ಸಿಗಡಿ, ಏಡಿ, ಹುಳುಗಳು ಬರುವುದು ಮುಖ್ಯವಾಗಿ ಇವುಗಳಿಗಾಗಿ. ಎಲೆ ಊಟದ ಎಲೆಯಿದ್ದ ಹಾಗೆ, ನಿಜವಾದ ಊಟ ಅದರ ಮೇಲೆ ಬಡಿಸಿದ್ದು. ತಿಂದು ಹೊರಹಾಕಿದ ಚೂರಿನ ಮೇಲೆ ಮತ್ತೆ ಬ್ಯಾಕ್ಟೀರಿಯಾ ಕೂರುತ್ತದೆ, ಮತ್ತೊಬ್ಬರು ತಿನ್ನುತ್ತಾರೆ. ಕೊಳೆತದ್ದರಿಂದ ಶುರುವಾಗುವ ಈ ಸರಪಳಿಯನ್ನು ಶಾಲೆಯ ಚಿತ್ರದಲ್ಲಿ ಒಂದು ಮೂಲೆಗೆ ತಳ್ಳಿರುತ್ತಾರೆ. ಅಳಿವೆಯಲ್ಲಿ ಇದೇ ರಾಜಬೀದಿ. ಕಾಡಿನಲ್ಲೂ ಅಷ್ಟೇ: ಎಲೆಗಳಲ್ಲಿ ಹೆಚ್ಚಿನವು ಯಾರ ಬಾಯಿಗೂ ಬೀಳದೆ ನೆಲಕ್ಕೇ ಬೀಳುತ್ತವೆ.

ಕುಮಟಾದ ಮಾಣಿಕಟ್ಟ ಕಡೆಯ ರೈತರಿಗೆ ಇದು ಪುಸ್ತಕ ಓದಿ ತಿಳಿದದ್ದಲ್ಲ. ಅಲ್ಲಿನ ಗಜನಿ ಗದ್ದೆಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರು ತಡೆಯುವ ತಳಿ ಅದು. ಕೊಯ್ಯುವಾಗ ತೆನೆ ಮಾತ್ರ ತೆಗೆದು ಹುಲ್ಲನ್ನು ಹಾಗೇ ಬಿಡುತ್ತಾರೆ. ಆಮೇಲೆ ಉಬ್ಬರದ ನೀರು ಒಳಗೆ ಬರುತ್ತದೆ. ಹುಲ್ಲು ಕೊಳೆಯುತ್ತದೆ, ಸಿಗಡಿ, ಮೀನು ಅಲ್ಲೇ ಮೇಯ್ದು ಬೆಳೆಯುತ್ತವೆ. ಒಂದೇ ಗದ್ದೆಯ ಬಿಸಿಲಿಗೆ ಎರಡು ಫಸಲು. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆಗ ಪೇಪರಿನಲ್ಲಿ ಹಕ್ಕಿಗಳ ಫೋಟೋ ಬಂತು. ಕೊಳೆಯುವ ಕಗ್ಗದ ಹುಲ್ಲಿನ ಫೋಟೋ ಯಾರೂ ಹಾಕಲಿಲ್ಲ ಎಂದು ನನಗೆ ಸ್ವಲ್ಪ ಬೇಜಾರು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಶಿರಸಿಯ ತೋಟದವರನ್ನು ಕೇಳಿದರೆ, "ನಮ್ಮಲ್ಲಿ ಏನೂ ಹಾಳಾಗುವುದಿಲ್ಲ, ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಅಡಿಕೆ ಬುಡಕ್ಕೆ" ಅನ್ನುತ್ತಾರೆ. ಗೊಬ್ಬರದ ಸಾರದ ಮಟ್ಟಿಗೆ ಅದು ನಿಜ. ಸಾರಜನಕ, ರಂಜಕ, ಪೊಟ್ಯಾಷ್ ಸುತ್ತು ಹೊಡೆಯುತ್ತಾ ಇರುತ್ತವೆ. ಶಕ್ತಿ ಸುತ್ತು ಹೊಡೆಯುವುದಿಲ್ಲ. ಹಣತೆ ಮತ್ತು ಎಣ್ಣೆ ಇದ್ದ ಹಾಗೆ. ಹಣತೆಯನ್ನು ತೊಳೆದು ಮುಂದಿನ ದೀಪಾವಳಿಗೂ ಇಡಬಹುದು. ಉರಿದ ಎಣ್ಣೆ ಹೋಯಿತು, ಹೊಸದು ಸುರಿಯಬೇಕು. ಆ ಹೊಸ ಎಣ್ಣೆಯೇ ನಾಳೆಯ ಬಿಸಿಲು. ಗೊಬ್ಬರದ ಗುಂಡಿಯಿಂದ ಏಳುವ ಹಬೆಗೆ ಕೈ ಒಡ್ಡಿ ನೋಡಿ, ಶಕ್ತಿ ಹೊರಗೆ ಹೋಗುತ್ತಿರುವುದು ಕೈಗೇ ತಾಗುತ್ತದೆ.

ಸುಟ್ಟು ಹೋಗದೆ ಮೇಲೆ ಮೇಲೆ ಸೇರುತ್ತಾ ಹೋಗುವ ವಸ್ತುವೂ ಇದೆ: ವಿಷ. ಪಾದರಸ ಮೈಯೊಳಗೆ ಹೋದರೆ ಬೇಗ ಬಿಡುವುದಿಲ್ಲ. ಇಸೋಣ ಹತ್ತು ಕಿಲೋ ಸಣ್ಣ ಮೀನು ತಿಂದು ಒಂದು ಕಿಲೋ ಆದಾಗ ಶಕ್ತಿಯ ಒಂಬತ್ತು ಪಾಲು ಹೋಗಿರುತ್ತದೆ, ಪಾದರಸದ ಹೆಚ್ಚಿನ ಪಾಲು ಉಳಿದಿರುತ್ತದೆ. ಅಮೆರಿಕದ ಆಹಾರ ಇಲಾಖೆ ಗರ್ಭಿಣಿಯರಿಗೆ ಶಾರ್ಕ್ ಬೇಡ, ಇಸೋಣದ ಹತ್ತಿರದ ಸಂಬಂಧಿ ಕಿಂಗ್ ಮ್ಯಾಕೆರೆಲ್ ಬೇಡ ಅನ್ನುತ್ತದೆ. ಸಾರ್ಡೀನ್, ಅಂದರೆ ತಾರ್ಲೆಯ ಬಳಗ, ವಾರಕ್ಕೆ ಎರಡು ಮೂರು ಸಲ ತಿನ್ನಬಹುದಾದ ಒಳ್ಳೆಯ ಮೀನುಗಳ ಪಟ್ಟಿಯಲ್ಲಿದೆ.

ಕೊನೆಯ ಬಾಣ ಒಂದು ಉಳಿದಿದೆ, ಕಡಲಿನಿಂದ ದಡಕ್ಕೆ ಬರುವ ಬಾಣ. ಹಿಂದೆ ಈ ಕರಾವಳಿಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಬಲೆ ಸುತ್ತು ಹಾಕಿ ಬರುವುದು, ಆಮೇಲೆ ದಡದಲ್ಲಿ ಹತ್ತಾರು ಜನ ಎರಡು ಕಡೆ ನಿಂತು ಎಳೆಯುವುದು. ಅವರ ತೋಳಿಗೆ ಶಕ್ತಿ ಕೊಟ್ಟದ್ದು ಬೆಳಿಗ್ಗೆ ಕುಡಿದ ಗಂಜಿ. ಅಂದರೆ ಹಿಂದಿನ ಮಳೆಗಾಲದ ಗದ್ದೆಯ ಬಿಸಿಲು. 1970ರ ದಶಕದ ಕೊನೆಗೆ ಮೀನಿನ ಗುಂಪನ್ನೇ ಬಲೆಯಿಂದ ಸುತ್ತಿ ಹಿಡಿಯುವ ಪರ್ಸೀನ್ ಬೋಟುಗಳು ಬಂದವು, ರಂಪಣಿ ಹೆಚ್ಚುಕಡಿಮೆ ಮಾಯವಾಯಿತು. ಈಗ ಎಳೆಯುವುದು ಡೀಸೆಲ್.

ಡೀಸೆಲ್ ಎಲ್ಲಿಂದ ಬಂತು? ಕೋಟ್ಯಂತರ ವರ್ಷಗಳ ಹಿಂದೆ ಯಾವುದೋ ಕಡಲಿನಲ್ಲಿ ತೇಲುತ್ತಿದ್ದ ಪ್ಲಾಂಕ್ಟನ್ ಸತ್ತು ತಳಕ್ಕಿಳಿಯಿತು. ಯಾವ ತಾರ್ಲೆಯಂಥ ಬಾಯಿಗೂ ಸಿಗದೆ, ಪೂರ್ತಿ ಕೊಳೆಯದೆ, ಕೆಸರಿನಡಿ ಹೂತು ಬೆಂದು ಎಣ್ಣೆಯಾಯಿತು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 8,600 ಕಿಲೋಕ್ಯಾಲರಿ. ಐದು ಕಿಲೋ ಕೊಬ್ಬಿದ ತಾರ್ಲೆಯಲ್ಲಿ ಇರುವಷ್ಟು. ಗುಂಪಾಗಿ ಈಜುವ ತಾರ್ಲೆಯನ್ನು ಬಲೆ ಸುತ್ತಿ ಹಿಡಿಯಲು ಎಣ್ಣೆ ಕಡಿಮೆ ಸಾಕು. ತಳದಲ್ಲಿ ಬಲೆ ಎಳೆದುಕೊಂಡು ಗಂಟೆಗಟ್ಟಲೆ ಸಿಗಡಿ ಹುಡುಕುವ ಟ್ರಾಲರಿನಲ್ಲಿ ಲೆಕ್ಕ ಉಲ್ಟಾ ಹೊಡೆಯುತ್ತದೆ, ತಂದ ಸಿಗಡಿಯಲ್ಲಿ ಇರುವುದಕ್ಕಿಂತ ಸುಟ್ಟ ಶಕ್ತಿಯೇ ಜಾಸ್ತಿ. ಕಾರವಾರದ ಬೈತಕೋಲ ಬಂದರಿನಲ್ಲಿ ಬೆಳಗಿನ ಜಾವ ಬೋಟುಗಳು ಒಂದೊಂದಾಗಿ ಸ್ಟಾರ್ಟ್ ಆಗುವಾಗ ಏಳುತ್ತದಲ್ಲ ಕಪ್ಪು ಹೊಗೆ, ಅದು ಯಾವುದೋ ಹಳೇ ಕಡಲಿನ ಪ್ಲಾಂಕ್ಟನ್. ಹೋಗುತ್ತಿರುವುದು ಈ ವರ್ಷದ ಪ್ಲಾಂಕ್ಟನ್ ತಿಂದು ಕೊಬ್ಬಿದ ಮೀನನ್ನು ಹಿಡಿಯಲು.